ಪಾವು, ಮುದ್ದೆ, ಓಕುಳಿ: ನಮ್ಮನೆ ಅಡುಗೆಮನೆಯ ಪಾಠ

ಮಕ್ಕಳಿಗೆ ಅಡುಗೆಮನೆಯಲ್ಲಿ ಪಾಠ ಅಂದ ತಕ್ಷಣ ತುಂಬಾ ಜನ ಕೇಕು, ಬಿಸ್ಕತ್ತು ಅಂತ ಶುರು ಮಾಡುತ್ತಾರೆ. ಮಂಡ್ಯದ ನಮ್ಮನೆಯಲ್ಲಿ ಓವನ್ನೇ ಇಲ್ಲ. ರಾತ್ರಿಗೆ ಮುದ್ದೆ ಸಾರು ಆಗಬೇಕು, ಬೆಳಿಗ್ಗೆಗೆ ಇಡ್ಲಿ ಹಿಟ್ಟು ರುಬ್ಬಬೇಕು. ಹೇಗೂ ಆಗಲೇಬೇಕಾದ ಕೆಲಸದಲ್ಲಿ ಎಷ್ಟು ಪಾಠ ಸಿಗುತ್ತೋ ಅಷ್ಟು ಸಾಕು. ಪಾಠಕ್ಕೋಸ್ಕರ ಅಂತ ಬೇರೆ ಅಡುಗೆ ನಾನು ಮಾಡಲ್ಲ. ಮಗಳು ಮೂರನೇ ಕ್ಲಾಸು, ಮಗ ಯುಕೆಜಿ.

ಭಿನ್ನರಾಶಿಗೆ ನೆರವಾಗಿದ್ದು ಅತ್ತೆಯ ಹಳೇ ಅಳತೆ ಪಾತ್ರೆಗಳು. ಅರ್ಧ ಪಾವು, ಪಾವು, ಅಚ್ಚೇರು, ಸೇರು. ಪ್ರತಿಯೊಂದೂ ಹಿಂದಿನದರ ಎರಡರಷ್ಟು. ಮಗಳು 1/4ಕ್ಕಿಂತ 1/8 ದೊಡ್ಡದು, ಯಾಕಂದ್ರೆ ನಾಲ್ಕಕ್ಕಿಂತ ಎಂಟು ದೊಡ್ಡದು ಅಂತ ಹಟ ಹಿಡಿದಿದ್ದಳು. ಸೇರು, ಪಾವು, ಅರ್ಧ ಪಾವು ಮೂರನ್ನೂ ಮುಂದಿಟ್ಟು, ಅಕ್ಕಿ ಡಬ್ಬ ಕೊಟ್ಟು, ಸೇರು ತುಂಬಿಸು ಅಂದೆ. ತುಂಬಿ ತುಳುಕಿದ್ದನ್ನು ಅಂಗೈಯಲ್ಲಿ ಸವರಿ ಸಮ ಮಾಡೋದನ್ನ ಅಜ್ಜಿ ತೋರಿಸಿಕೊಟ್ಟರು. ಪಾವಿನಲ್ಲಿ ನಾಲ್ಕು ಸಲ ಸುರಿದಳು. ಅರ್ಧ ಪಾವಿನಲ್ಲಿ ಎಂಟು ಸಲ. ಸ್ವಲ್ಪ ಹೊತ್ತು ಸುಮ್ನೆ ಕೂತು, "ಚಿಕ್ಕದಾದಷ್ಟೂ ಜಾಸ್ತಿ ಸಲ ಸುರೀಬೇಕು ಅಲ್ವಾಮ್ಮ?" ಅಂದಳು. ಕೆಳಗಿನ ಅಂಕಿ ಅಂದರೇನು ಅಂತ ನಾನು ಬೇರೆ ವಿವರಿಸೋಕೆ ಹೋಗಲಿಲ್ಲ.

ಮುದ್ದೆಯಲ್ಲಿ ಸಿಗೋ ಲೆಕ್ಕವೇ ಬೇರೆ. ನಮ್ಮನೆಯಲ್ಲಿ ಒಂದು ಪಾವು ರಾಗಿ ಹಿಟ್ಟಿಗೆ ಎರಡು ಪಾವು ನೀರು. ಅದರಲ್ಲಿ ಮೂರು ಮುದ್ದೆ ಆಗುತ್ತೆ. ನಾವಿರೋದು ಐದು ಜನ. ಹಿಟ್ಟೆಷ್ಟು, ಎಸರಿಗೆ ನೀರೆಷ್ಟು ಅಂತ ಮಗಳು ಹೇಳಬೇಕು. ಮೂರನ್ನು ಎರಡು ಮಾಡಿದರೆ ಆರು, ನಮಗೆ ಬೇಕಿರೋದು ಐದು. "ಒಂದು ಮಿಗುತ್ತೆ, ತಪ್ಪಾಯ್ತಾ?" ಅಂತ ಕೇಳಿದಳು. ಅಜ್ಜಿ ಒಳಗಿಂದಲೇ, "ಮಿಕ್ಕರೆ ಮಿಗ್ಲಿ ಬುಡು ಮಗ, ಯಾರಾದ್ರೂ ಬತ್ತಾರೆ" ಅಂದರು. ಈ ಲೆಕ್ಕಕ್ಕೆ ನಿಖರವಾದ ಉತ್ತರ ಒಂದೂ ಮೂರರಲ್ಲಿ ಎರಡು ಪಾವು. ಅಡುಗೆಮನೆಯ ಉತ್ತರ ಎರಡು ಪಾವು. ಎಲ್ಲಿ ಮೇಲಕ್ಕೆ ಹೋಗಬೇಕು, ಎಲ್ಲಿ ಕೆಳಕ್ಕೆ ಇಳಿಯಬಾರದು ಅನ್ನೋ ಅಂದಾಜು ಪುಸ್ತಕದ ಲೆಕ್ಕದಲ್ಲಿ ಬರೋದು ಕಡಿಮೆ. ಇಲ್ಲಿ ಲೆಕ್ಕ ಕೆಟ್ಟರೆ ನಾನು ಕೆಂಪು ಇಂಕಿನಲ್ಲಿ ಗೀಚಬೇಕಾಗಿಲ್ಲ. ನೀರು ಜಾಸ್ತಿಯಾದರೆ ಮುದ್ದೆ ತಟ್ಟೆಯಲ್ಲಿ ಹರಡಿಕೊಂಡು ಕೂರುತ್ತೆ. ಎಸರು, ಮುದ್ದೆ ಕೋಲು ಎರಡೂ ನನ್ನ ಕೈಯಲ್ಲೇ. ಮಕ್ಕಳದು ಅಳೆಯೋದು, ಹೇಳೋದು, ಕೊನೆಗೆ ತಿನ್ನೋದು.

ಮಗನಿಗೆ ಇನ್ನೂ ಎಣಿಕೆಯ ವಯಸ್ಸು. ಅವರೆಕಾಯಿ ಕಾಲದಲ್ಲಿ ಅವನಿಗೆ ಕಾಳು ಸುಲಿಯೋ ಕೆಲಸ. ಪಡ್ಡು ಕಾವಲಿಯ ಒಂದೊಂದು ಗುಳಿಗೂ ಹತ್ತು ಕಾಳು. ಹತ್ತು ಗುಳಿ ತುಂಬಿದರೆ ನೂರು. ಮಧ್ಯೆ ಹುಳ ಸಿಕ್ಕಿದರೆ ಎಣಿಕೆ ಅಲ್ಲಿಗೇ ನಿಂತು, ಹುಳದ ಪಾಠ ಶುರುವಾಗುತ್ತೆ. ಆಗಲಿ ಬಿಡಿ, ಅದೂ ವಿಜ್ಞಾನವೇ.

ವಿಜ್ಞಾನ ಅಂದಾಗ, ನಮ್ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಗೆದ್ದಿದ್ದು ಓಕುಳಿ. ಆರತಿ ತಟ್ಟೆಯ ಕೆಂಪು ನೀರನ್ನು ಇಬ್ಬರೂ ಎಷ್ಟೋ ಸಲ ನೋಡಿದ್ದಾರೆ. ಅದು ಕುಂಕುಮ ಅಂತಲೇ ಅವರ ನಂಬಿಕೆ. ಬಿಳಿ ಪಿಂಗಾಣಿ ಬಟ್ಟಲಲ್ಲಿ ನೀರು ಹಾಕಿ, ಒಂದು ಚಿಟಿಕೆ ಅರಿಶಿನ ಕದಡಿದೆ. ಹಳದಿ. ಅಜ್ಜಿಯ ಎಲೆಅಡಿಕೆ ಚೀಲದಿಂದ ಉಗುರಿನಷ್ಟು ಸುಣ್ಣ ತೆಗೆದು ಹಾಕಿದೆ. ಚಮಚ ಹೋದ ದಾರಿಯಲ್ಲೆಲ್ಲ ಕೆಂಪು ಗೆರೆ ಎದ್ದು, ನೋಡ್ತಾ ನೋಡ್ತಾ ಬಟ್ಟಲೆಲ್ಲ ಕೆಂಪಾಯಿತು. ಆಮೇಲೆ ನಿಂಬೆಹಣ್ಣು ಹಿಂಡು ಅಂತ ಮಗಳಿಗೆ ಕೊಟ್ಟೆ. ಹಿಂಡುತ್ತಾ ಹೋದ ಹಾಗೆ ನೀರು ವಾಪಸ್ ಹಳದಿ! ಸುಣ್ಣ ಕ್ಷಾರ, ನಿಂಬೆ ಆಮ್ಲ, ಅರಿಶಿನ ಎರಡರ ಗುರುತನ್ನೂ ಬಣ್ಣದಲ್ಲಿ ಹೇಳುತ್ತೆ ಅಂದೆ. ಅವತ್ತಿಂದ ಅಡುಗೆಮನೆಯಲ್ಲಿ ಸಿಕ್ಕಿದ್ದಕ್ಕೆಲ್ಲ ಪರೀಕ್ಷೆ. ಸೋಪಿನ ನೀರು, ಅಡುಗೆ ಸೋಡ ಹಾಕಿದರೆ ಕೆಂಪು. ಹುಣಸೆ ರಸ, ಮಜ್ಜಿಗೆ ಹಾಕಿದರೆ ಹಳದಿ ಹಾಗೇ ಇರುತ್ತೆ. ಬಿಳಿ ಅಂಗಿ ಮೇಲಿನ ಸಾರಿನ ಕಲೆ ಸೋಪು ಹಚ್ಚಿದ ಕೂಡಲೇ ಯಾಕೆ ಕೆಂಪಾಗುತ್ತೆ ಅನ್ನೋದನ್ನ ಆಮೇಲೆ ಅವಳೇ ನನಗೆ ಹೇಳಿದಳು. ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಬಿದ್ದರೆ ಅಪಾಯ.

ಇಡ್ಲಿ ಹಿಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಸಾಕು. ಸ್ವಲ್ಪ ಹಿಟ್ಟನ್ನು ಗಾಜಿನ ಜಾಡಿಗೆ ಅರ್ಧದಷ್ಟು ಹಾಕಿ, ಹಿಟ್ಟಿನ ಮಟ್ಟಕ್ಕೆ ಬ್ಯಾಂಡ್ ಹಾಕುತ್ತೇವೆ. ಬೆಳಿಗ್ಗೆ ಎದ್ದ ಕೂಡಲೇ ಸ್ಕೇಲ್ ಹಿಡಿದು ಅಳೆಯೋದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಿಟ್ಟಿನ ಸಕ್ಕರೆ ಅಂಶ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಅದಕ್ಕೇ ಹಿಟ್ಟು ಉಬ್ಬೋದು. ಹುಳಿ ಬರೋದೂ ಅವುಗಳಿಂದಲೇ. ಏಪ್ರಿಲ್‌ನಲ್ಲಿ ಜಾಡಿಯಿಂದ ಉಕ್ಕೋ ಹಿಟ್ಟು ಡಿಸೆಂಬರ್ ಚಳಿಯಲ್ಲಿ ಬ್ಯಾಂಡ್ ದಾಟೋಕೂ ಒದ್ದಾಡುತ್ತೆ. ತಿಂಗಳು ಬರೆದು ಪಕ್ಕದಲ್ಲಿ ಸೆಂಟಿಮೀಟರ್ ಬರೆದಿಡೋ ಪುಸ್ತಕ ಫ್ರಿಜ್ಜಿನ ಮೇಲಿದೆ.

ಭೂಗೋಳ ಸಾರಿನಲ್ಲಿದೆ. ಗೋಡೆಗೆ ಕರ್ನಾಟಕದ ನಕಾಶೆ ಅಂಟಿಸಿದ್ದೇನೆ. ತೊಗರಿಬೇಳೆ ಕಲಬುರಗಿ, ಮೆಣಸಿನಕಾಯಿ ಬ್ಯಾಡಗಿ, ಕೊಬ್ಬರಿ ತಿಪಟೂರು ಅಂತ ಒಂದೊಂದಕ್ಕೂ ಚುಕ್ಕಿ. ಅಕ್ಕಿ, ಬೆಲ್ಲಕ್ಕೆ ದೂರ ಹೋಗಬೇಕಾಗಿಲ್ಲ. ವಿ.ಸಿ. ನಾಲೆ ತೋರಿಸಿ, ಈ ನೀರು ಕೆಆರ್‌ಎಸ್‌ನಿಂದ ಬರುತ್ತೆ, ಆ ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ ಅಂದರೆ ಚರಿತ್ರೆಯೂ ಅಷ್ಟು ಸೇರಿಕೊಳ್ಳುತ್ತೆ. ಇಂಗಿನ ಚುಕ್ಕಿ ಮಾತ್ರ ನಕಾಶೆಯಿಂದ ಆಚೆ, ಗೋಡೆ ಮೇಲೆ ಬಿತ್ತು. ಅದು ಹೆಚ್ಚಾಗಿ ಅಫ್ಘಾನಿಸ್ತಾನದಿಂದ ಬರೋದು. ಮಗನಿಗೆ ಆ ಒಂದೇ ಹೆಸರು ನೆನಪಿದೆ.

ಕನ್ನಡಕ್ಕೆ ಸಾಮಾನಿನ ಚೀಟಿ. ಬೆಲ್ಲ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಉದ್ದಿನಬೇಳೆ. ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆ ಕಾಪಿ ಪುಸ್ತಕ ಬೇಕಾ? ಅಂಗಡಿಯವರು ಚೀಟಿ ಜೋರಾಗಿ ಓದಿ ಸಾಮಾನು ಕಟ್ಟುತ್ತಾರೆ, ಹಾಗಾಗಿ ಬರವಣಿಗೆ ಗುಂಡಾಗಿರಲೇಬೇಕು.

ಎಲ್ಲಾ ವಿಷಯವೂ ಅಡುಗೆಮನೆಗೆ ಬರಲ್ಲ. ಮಗ್ಗಿ ಬಾಯಿಪಾಠ ಆಗಲೇಬೇಕು, ಅದಕ್ಕೆ ಒಗ್ಗರಣೆ ಹಾಕಿ ಪ್ರಯೋಜನ ಇಲ್ಲ. ಬೆಳಿಗ್ಗೆ ಸ್ಕೂಲ್ ವ್ಯಾನ್ ಬರೋ ಹೊತ್ತಲ್ಲಂತೂ ಇದ್ಯಾವುದನ್ನೂ ಇಟ್ಟುಕೊಳ್ಳಬೇಡಿ. ನಮ್ಮದೆಲ್ಲ ಭಾನುವಾರ, ಇಲ್ಲಾ ಸಂಜೆ. ಕೆಲಸ ಮಾಮೂಲಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತೆ. ಹಸಿವಾಗೋ ಮುಂಚೆಯೇ ಶುರು ಮಾಡಬೇಕು.

ಈಗ ಮಗಳು ಮೊಸರಿಗೆ ಕೈ ಹಾಕಿದ್ದಾಳೆ. ಮೂರು ಲೋಟ ಉಗುರುಬೆಚ್ಚಗಿನ ಹಾಲು, ಮೂರಕ್ಕೂ ಒಂದೊಂದು ಚಮಚ ಹೆಪ್ಪು. ಒಂದು ಫ್ರಿಜ್ಜಲ್ಲಿ, ಒಂದು ಕಟ್ಟೆ ಮೇಲೆ, ಒಂದು ಅಕ್ಕಿ ಡಬ್ಬದೊಳಗೆ. ಯಾವುದು ಮೊದಲು ಹೆಪ್ಪಾಗುತ್ತೆ ಅಂತ ಅಜ್ಜಿ ಹತ್ರ ಕೇಳೋ ಹಾಗಿಲ್ಲ, ಅದು ಅವಳೇ ಮಾಡಿದ ರೂಲ್ಸು.