ಬಿಡಿಎಸ್ ನಂತರ ಗ್ಯಾಪ್ ಇದೆಯಾ? ಅಮೆರಿಕದ ಡೆಂಟಲ್ ಕಾಲೇಜು ಹೀಗೆ ಆರಿಸಿ
ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಸೀಟಿಗೆ (ವಿದೇಶದಲ್ಲಿ ಓದಿದ ದಂತವೈದ್ಯರು ಅಮೆರಿಕದ ಪದವಿ ಪಡೆಯುವ ಕೋರ್ಸ್) ಅರ್ಜಿ ಹಾಕುವವರು ಹೆಸರು, ಊರು ನೋಡಿ ಪಟ್ಟಿ ಮಾಡಬೇಡಿ. ಮೊದಲು ನಿಮ್ಮನ್ನು ತೆಗೆದುಕೊಳ್ಳದ ಕಾಲೇಜುಗಳನ್ನು ಹೊಡೆದುಹಾಕಿ. ಪ್ರತಿ ಕಾಲೇಜಿನ ವೆಬ್‌ಸೈಟ್‌ನಲ್ಲಿ ವಿದೇಶಿ ದಂತವೈದ್ಯರ ಪುಟ ತೆರೆದು ಮೂರು ವಿಷಯ ಹುಡುಕಿ: ಪದವಿ ಅಥವಾ ಪ್ರಾಕ್ಟೀಸ್ ಎಷ್ಟು ಹಳೆಯದಿದ್ದರೆ ನಡೆಯುತ್ತೆ, ನಿಮ್ಮ ವೀಸಾ ಆಗುತ್ತಾ ಅಥವಾ ಗ್ರೀನ್ ಕಾರ್ಡ್ ಬೇಕಾ, ಐಎನ್‌ಬಿಡಿಇ (ಅಮೆರಿಕದ ದಂತವೈದ್ಯರ ರಾಷ್ಟ್ರೀಯ ಪರೀಕ್ಷೆ) ಫಲಿತಾಂಶ ಯಾವಾಗ ಕೊಡಬೇಕು. ಈ ಸೀಟುಗಳಿಗೆ ಆನ್‌ಲೈನ್ ಅರ್ಜಿ ಹಾಕುವ ಕ್ಯಾಪಿಡ್‌ನಲ್ಲಿ ಅರ್ಜಿ ಒಂದೇ ಆದರೂ ಕಾಲೇಜು ಹೆಚ್ಚಿದಷ್ಟೂ ಶುಲ್ಕ ಜಾಸ್ತಿ, ಅರ್ಹತೆ ಇಲ್ಲದ ಕಡೆ ಸುಮ್ನೆ ಯಾಕೆ ಕಟ್ಟಬೇಕು? ಇಂಗ್ಲಿಷ್ ಪರೀಕ್ಷೆ ಟೋಫೆಲ್‌ನ ಅಂಕ 2 ವರ್ಷ ಮಾತ್ರ ನಡೆಯುತ್ತೆ, ಅದರ ದಿನಾಂಕವನ್ನೂ ನೋಡಿಕೊಳ್ಳಿ. ಹಳೆಯ ಪಟ್ಟಿ ನಂಬಬೇಡಿ, ನಿಯಮಗಳು ಬದಲಾಗುತ್ತಿರುತ್ತವೆ. ಇನ್ನೊಂದು ಮಾತು, ಇದೇ ಮುಖ್ಯ: ಅರ್ಹತೆ ಇದ್ದರೂ ಇಂಟರ್‌ವ್ಯೂ ಬರದೇ ಇರಬಹುದು. ಐಎನ್‌ಬಿಡಿಇ ಪಾಸಾದವರಿಗೆ ಅಂಕ ಕೊಡುವುದಿಲ್ಲ, ಹಾಗಾಗಿ ಬಿಡಿಎಸ್ ಅಂಕ, ಇತ್ತೀಚಿನ ಕ್ಲಿನಿಕ್ ಅನುಭವದ ಮೇಲೆ ಕಣ್ಣು ಹೋಗುತ್ತೆ, ಅಲ್ವಾ? ಮದುವೆ, ಮಕ್ಕಳು ಅಂತ ಪ್ರಾಕ್ಟೀಸ್ ಬಿಟ್ಟವರಿಗೆ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಸಾಲದು. ಗಂಡ ಅಥವಾ ಹೆಂಡತಿಯ ಕೆಲಸದ ವೀಸಾ ಮೇಲೆ ಬರುವ ಎಚ್4 ವೀಸಾದಲ್ಲಿ ಇಎಡಿ (ಕೆಲಸದ ಅನುಮತಿ) ಇಲ್ಲದಿದ್ದರೆ ಸಂಬಳದ ಕೆಲಸ ಮಾಡುವಂತಿಲ್ಲ, ಹಾಗಾಗಿ ಹತ್ತಿರದ ಕ್ಲಿನಿಕ್‌ನಲ್ಲಿ ಶ್ಯಾಡೋಯಿಂಗ್‌ಗೆ (ವೈದ್ಯರ ಜೊತೆಗಿದ್ದು ಅವರ ಕೆಲಸ ನೋಡುವುದು) ಈಗಲೇ ಕೇಳಿ.