ಯಾರೂ ಓದದ ಟೆಸ್ಟ್ ಪ್ಲಾನ್ ಸರಿಮಾಡಿದ್ದು ಹೀಗೆ

ನಮ್ಮ ಸಾಫ್ಟ್‌ವೇರ್‌ನ ಟೆಸ್ಟ್ ಪ್ಲಾನ್‌ನಲ್ಲಿ, ಅಂದರೆ ಏನನ್ನು ಹೇಗೆ ಪರೀಕ್ಷಿಸಬೇಕು ಅನ್ನೋ ಯೋಜನೆಯಲ್ಲಿ, ಐಇಇಇ 829 (ಟೆಸ್ಟ್ ದಾಖಲೆಗಳಿಗಿದ್ದ ಹಳೆಯ ಮಾನದಂಡ) ಮಾದರಿಯ ಎಲ್ಲ ಭಾಗಗಳೂ ಇದ್ದವು. ಓದುವವರು ಮಾತ್ರ ಇರಲಿಲ್ಲ. ರಿಲೀಸ್ ಹತ್ತಿರ ಬಂದಾಗ 'ಇದನ್ನು ಟೆಸ್ಟ್ ಮಾಡಿದ್ದೀರಾ?' ಅನ್ನೋ ಜಗಳ ತಪ್ಪುತ್ತಿರಲಿಲ್ಲ.

ಈ ಸಲ ರಿಸ್ಕ್‌ನಿಂದ ಶುರು ಮಾಡಿದೆ. ಏನು ಕೆಟ್ಟರೆ ಬಳಕೆದಾರರಿಗೆ ಜಾಸ್ತಿ ತೊಂದರೆ ಅಂತ ಎಲ್ಲರನ್ನೂ ಕೂರಿಸಿ ಕೇಳಿದೆ. ಪೇಮೆಂಟ್ ಮೊದಲು ಬಂತು. ಹಣ ಕಡಿತವಾಗಿ, ಉತ್ತರ ಬರುವ ಮೊದಲೇ ನೆಟ್‌ವರ್ಕ್ ಹೋದರೆ? ಮತ್ತೆ ಬಟನ್ ಒತ್ತಿದರೆ ಎರಡನೇ ಸಲ ಕಡಿತವಾಗಬಾರದು ಅಲ್ವಾ? ಇಂಥ ಕೇಸ್‌ಗಳಿಗೇ ಹೆಚ್ಚು ಸಮಯ ಇಟ್ಟೆ.

'ಟೆಸ್ಟ್ ಮಾಡದೆ ಬಿಡುವುದು' ಅಂತ ಬೇರೆ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಕಾರಣ ಬರೆದೆ. ನನ್ನ ಪ್ರಕಾರ ಇಡೀ ಪ್ಲಾನ್‌ನಲ್ಲಿ ಇದೇ ಮುಖ್ಯ. ಕೊನೆಗೆ 'ಟೆಸ್ಟಿಂಗ್ ಮುಗಿದಾಗ ರಿಲೀಸ್' ಅನ್ನೋ ಸಾಲು ತೆಗೆದು, 'ಪೇಮೆಂಟ್‌ನಲ್ಲಿ ಗಂಭೀರ ಬಗ್ ಒಂದೂ ಬಾಕಿ ಇರಬಾರದು' ಅಂತ ಹಾಕಿದೆ. ಮ್ಯಾನೇಜರ್ ಈಗ ಅದನ್ನು ನೋಡಿಯೇ ಒಪ್ಪಿಗೆ ಕೊಡುತ್ತಾರೆ.