ಹಿಂದಿನ ಸಾಲಿನಲ್ಲಿ ಸಾಲ್ಸಾ

ಬರ್ಲಿನ್‌ನಲ್ಲಿ ಸಾಲ್ಸಾ ಎಂಬ ಜೋಡಿ ನೃತ್ಯದ ತರಗತಿಗೆ ಒಬ್ಬಳೇ ಹೋಗುತ್ತಿದ್ದೆ. ಅಲ್ಲಿ ಗಂಡಸರು ಯಾವಾಗಲೂ ಕಡಿಮೆ. ಅರ್ಧ ಸಂಜೆ ಗೋಡೆಗೊರಗಿ ಸರದಿ ಕಾಯುವುದರಲ್ಲೇ ಕಳೆಯುತ್ತಿತ್ತು. ಬೇಸತ್ತು ‘ಸುಎಲ್ತಾ’ ಗುಂಪಿಗೆ ಸೇರಿಕೊಂಡೆ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಬಿಡಿಯಾದದ್ದು, ಸಡಿಲವಾದದ್ದು. ಜೋಡಿಯಿಲ್ಲದೆ ಸಾಲಾಗಿ ನಿಂತು, ಮುಂದಿರುವವರು ಕೂಗಿದ ಹೆಜ್ಜೆಯನ್ನು ಎಲ್ಲರೂ ಒಟ್ಟಿಗೆ ಹಾಕುವ ಕ್ಯೂಬಾದ ಸಾಲ್ಸಾ. ಜೋಡಿ ಸಿಗದವರಿಗೆ ಸಮಾಧಾನದ ಬಹುಮಾನವಲ್ಲ ಇದು; ಟಿಂಬಾ ಎಂಬ ಕ್ಯೂಬಾದ ಸಂಗೀತ ರಭಸಕ್ಕೇರಿದಾಗ ಅಲ್ಲಿನ ಜೋಡಿಗಳೂ ಕೈ ಬಿಟ್ಟು ಬಿಡಿಬಿಡಿಯಾಗಿ ಕುಣಿಯುತ್ತವೆ.

ನೋಡಿಕೊಂಡು ಕುಣಿಯಬಹುದೆಂದು ಹಿಂದಿನ ಸಾಲು ಹಿಡಿದೆ. ಎರಡನೆಯ ಹಾಡಿಗೇ ತಿರುಗಲು ಕೂಗು ಬಿತ್ತು. ಇಡೀ ಗುಂಪು ಅರ್ಧ ಸುತ್ತು ತಿರುಗಿ ಹಿಂದಿನ ಗೋಡೆಗೆ ಮುಖ ಮಾಡಿತು. ಈಗ ಎಲ್ಲರಿಗಿಂತ ಮುಂದೆ ನಾನು. ನನ್ನೆದುರು ಗೋಡೆ ಮತ್ತು ಒಂದು ಹೀಟರ್.

ಅದಕ್ಕಿಂತ ದೊಡ್ಡ ತೊಡಕು ಕಾಲಿನದು. ಚಿಕ್ಕಂದಿನಲ್ಲಿ ಎಂಟು ವರ್ಷ ಭರತನಾಟ್ಯ ಕಲಿತವಳು ನಾನು. ಪಾದದಿಂದ ನೆಲ ತಟ್ಟುವ ತಟ್ಟಡವಿನಲ್ಲಿ ಪಳಗಿದ ಕಾಲು ನೆಲ ಕಂಡರೆ ಸುಮ್ಮನಿರುವುದಿಲ್ಲ. ಇಲ್ಲಿಯೋ, ಪಾದ ಮೊದಲು ನೆಲ ಮುಟ್ಟುತ್ತದೆ, ಭಾರ ಆಮೇಲೆ ಬಂದು ಕೂರುತ್ತದೆ. ಬಾಗಿದ ಮಂಡಿ ನೆಟ್ಟಗಾಗುವಾಗ ಸೊಂಟ ತಾನಾಗಿ ಅತ್ತ ಜಾರುತ್ತದೆ. ಅದನ್ನು ಬೇಕೆಂದೇ ಕುಲುಕಿಸಬೇಕಾಗಿಲ್ಲ. ಜೋಡಿಯಲ್ಲಿದ್ದಾಗ ಈ ದೋಷ ನನಗೆ ಕಂಡೇ ಇರಲಿಲ್ಲ. ಸಮತೋಲ ತಪ್ಪಿದಾಗಲೆಲ್ಲ ಎದುರಿನವರ ಕೈಮೇಲೆ ಭಾರ ಹಾಕುತ್ತಿದ್ದೆ. ಪಾಪ, ಯಾರೂ ಹೇಳಿರಲಿಲ್ಲ.

ಎಣಿಕೆ ಎಂಟರದು: 1, 2, 3ಕ್ಕೆ ಹೆಜ್ಜೆ, 5, 6, 7ಕ್ಕೆ ಹೆಜ್ಜೆ, 4 ಮತ್ತು 8 ಖಾಲಿ. ಆದಿತಾಳ ಹಾಕಿದ ಕೈಗೆ ಇದೇನು ಮಹಾ ಎಂದುಕೊಂಡೆ. ಆದರೆ ಆ ಎಣಿಕೆಯ ಮೇಲೆ ಸಂಗೀತದ ಕ್ಲಾವೆ ಇದೆ, ಎರಡು ಮರದ ಕೋಲುಗಳ ಐದು ಪೆಟ್ಟು. ಮೊದಲರ್ಧದಲ್ಲಿ ಮೂರು, ಉಳಿದರ್ಧದಲ್ಲಿ ಎರಡು ಪೆಟ್ಟಿರುವ ‘3-2 ಸೋನ್ ಕ್ಲಾವೆ’ ಎಂಬ ಬಗೆಯಲ್ಲಿ ಅವು 1ಕ್ಕೆ, 2 ಮತ್ತು 3ರ ನಟ್ಟನಡುವೆ, 4ಕ್ಕೆ, 6ಕ್ಕೆ, 7ಕ್ಕೆ ಬೀಳುತ್ತವೆ. ನಾನು ಖಾಲಿ ಎಂದುಕೊಂಡಿದ್ದ 4ರಲ್ಲೇ ಒಂದು ಪೆಟ್ಟು! ಟ್ರಾಮ್ ಕಾಯುವಾಗ ತೊಡೆಯ ಮೇಲೆ ಕ್ಲಾವೆ ತಟ್ಟುತ್ತ, ಕಾಲಲ್ಲಿ ಹೆಜ್ಜೆ ಹಾಕುತ್ತ ಮೂರು ವಾರ ಕಳೆದೆ. ಎರಡೂ ಕೂಡಿಬಂದ ದಿನ ಕಾಲಿನ ಅವಸರವೂ ಇಳಿಯಿತು: 3ರಲ್ಲಿ ಇಟ್ಟ ಪಾದದ ಮೇಲೆ ಭಾರ ಪೂರ್ತಿ ಇಳಿಯಲು ಸಿಗುವ ಹೊತ್ತೇ ಆ 4.

ಈಗಲೂ ಹಿಂದಿನ ಸಾಲಿನಲ್ಲೇ ನಿಲ್ಲುತ್ತೇನೆ. ತಿರುಗಿದಾಗ ಹೊಸಬರು ನನ್ನ ಕಾಲು ನೋಡಿಕೊಂಡು ಕುಣಿಯುತ್ತಾರೆ. ಮೈಮರೆತು ನಾನು ನೆಲ ತಟ್ಟಿದರೆ, ಹೆಜ್ಜೆಯೇ ಹಾಗೆಂದು ಅವರೂ ತಟ್ಟುತ್ತಾರೆ.